ಮನೆ ಕೊಳ್ಳುವ, ಮಾರುವ ಸದಸ್ಯರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ಬೆಂಗಳೂರಿನಲ್ಲಿ ಮನೆ ಅಥವಾ ಫ್ಲ್ಯಾಟಿನ ವ್ಯವಹಾರಕ್ಕೆ ಕೈ ಹಾಕಿರುವವರು ಮುಂಗಡ ಕೊಡುವ ಅಥವಾ ಪಡೆಯುವ ಮುನ್ನ ಇದನ್ನು ಪೂರ್ತಿ ಓದಬೇಕೆಂದು ವಿನಂತಿ.

ಋಣಭಾರ ಪ್ರಮಾಣಪತ್ರ, ಅಂದರೆ ನಾವೆಲ್ಲ ಇಸಿ ಎಂದು ಕರೆಯುವ ಕಾಗದ, ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಸಿಗುತ್ತದೆ. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರವಾದ್ದರಿಂದ, ನೋಂದಣಿಯಾಗದ ಕರಾರಾಗಲಿ, ಅಣ್ಣತಮ್ಮಂದಿರ ಬಾಯಿಮಾತಿನ ಪಾಲಾಗಲಿ ಅದರಿಂದ ತಿಳಿಯುವುದಿಲ್ಲ. ಮೂಲಪತ್ರದಿಂದ ಇಂದಿನ ಕ್ರಯಪತ್ರದವರೆಗಿನ ಕೊಂಡಿಗಳನ್ನು ವಕೀಲರಿಂದ ಪರಿಶೀಲಿಸಿಕೊಳ್ಳಿ. ಖಾತೆಯು ತೆರಿಗೆಯ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ಬರಿಯ ಜಿಪಿಎ (ಮಾಲೀಕರು ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ) ಮೇಲೆ ಮಾರಾಟಕ್ಕಿಟ್ಟ ಆಸ್ತಿ ಎಷ್ಟೇ ಅಗ್ಗವಾಗಿದ್ದರೂ ಬೇಡವೆನ್ನುವುದೇ ಲೇಸು. ಅದರಿಂದ ಮಾಲೀಕತ್ವ ವರ್ಗಾವಣೆಯಾಗದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಮಾರುವವರಿಗೆ ನನ್ನದೇ ಅನುಭವ ತಿಳಿಸುತ್ತೇನೆ. ಗೃಹಸಾಲ ತೀರಿದ ಮೇಲೆ ಬ್ಯಾಂಕು ಕೊಟ್ಟ ಬಾಕಿಯಿಲ್ಲದ ಪತ್ರವನ್ನು ಬೀರುವಿನಲ್ಲಿಟ್ಟು ನಿಶ್ಚಿಂತೆಯಿಂದಿದ್ದೆ. ಎರಡು ವರ್ಷಗಳ ನಂತರ ಕೊಳ್ಳುವವರು ಇಸಿ ತೆಗೆಸಿದಾಗ ಅಡಮಾನದ ಸಾಲು ಹಾಗೆಯೇ ನಿಂತಿತ್ತು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಋಣಮುಕ್ತಿ ಪತ್ರವನ್ನು ನೋಂದಾಯಿಸಿ, ಹೊಸ ಇಸಿ ಬರುವಷ್ಟರಲ್ಲಿ ಅವರು ಬೇರೆ ಮನೆ ನೋಡಿಕೊಂಡಿದ್ದರು.

ಕೊನೆಯದಾಗಿ, ಬೆಲೆ 50 ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದರೆ ಕೊಳ್ಳುವವರೇ ಮಾರುವವರಿಗೆ ಕೊಡುವ ಹಣದಲ್ಲಿ ಶೇಕಡ 1ರಷ್ಟು ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ಅನಿವಾಸಿಯಾಗಿದ್ದರೆ ದರವೂ ನಿಯಮವೂ ಬೇರೆಯಾದ್ದರಿಂದ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಿ.