ಫೋಟೊ ಸಾಲದು, ಒಣಮಾದರಿ ಕಳಿಸಿ

ಮಾನ್ಯ ಸಂಪಾದಕರೇ,

ಗಿಡದ ಹೆಸರು ತಿಳಿಯಲು ಈಗ ಬಹುತೇಕರು ಮೊಬೈಲ್ ಫೋಟೊ ಕಳಿಸಿ ಸುಮ್ಮನಾಗುತ್ತಾರೆ. ಹುಲ್ಲು, ಹುಲ್ಲಿನಂತೆಯೇ ಕಾಣುವ ಜೇಕಿನಂಥವಕ್ಕೆ ಅದು ಸಾಲದು. ಹೂವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಅದಕ್ಕೆ ಒಣಮಾದರಿ, ಅಂದರೆ ಒತ್ತಿ ಒಣಗಿಸಿದ ಗಿಡ ಇಲ್ಲವೇ ಟೊಂಗೆ, ಬೇಕು. ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಬಗ್ಗೆ ಸಸ್ಯವಿಜ್ಞಾನಿಗಳಾದ ಬೆಂಗಳೂರಿನ ಸಲ್ಡಾನ ಮತ್ತು ಅಮೆರಿಕದ ನಿಕಲ್ಸನ್ 1976ರಲ್ಲಿ ತಂದ ಗ್ರಂಥದ ಹಿಂದಿರುವುದೂ ಒಣಮಾದರಿಗಳೇ.

ಹೂವು, ಸಿಕ್ಕರೆ ಕಾಯಿಯೂ ಇರುವ ಟೊಂಗೆ ಆರಿಸಿ. ಒಂದೆರಡು ಎಲೆಗಳ ಬೆನ್ನು ಮೇಲೆ ಕಾಣುವಂತೆ ತಿರುಗಿಸಿ, ಹಳೆಯ ಪತ್ರಿಕೆಗಳ ನಡುವೆ ಇಟ್ಟು ಬಿಗಿಯಾಗಿ ಒತ್ತಿ. ಕಾಗದವನ್ನು ಮೊದಲ ಕೆಲವು ದಿನ ತಪ್ಪದೆ ಬದಲಿಸಿ. ಮಳೆಗಾಲದಲ್ಲಿ ಒಂದು ದಿನ ಮರೆತರೂ ಬೂಸ್ಟು ಹಿಡಿದು ಎಲೆ ಕಪ್ಪಾಗುತ್ತದೆ. ರಸಭರಿತ ಗಿಡಗಳು ಒತ್ತಿದ ಮೇಲೂ ಜೀವ ಹಿಡಿದಿದ್ದು ಎಲೆ ಉದುರಿಸುತ್ತವೆ. ಅವನ್ನು ಮೊದಲು ಕುದಿನೀರಿನಲ್ಲಿ ಅದ್ದಿ ತೆಗೆಯಬೇಕು.

ಮಾದರಿಯ ಜೊತೆಗಿಡುವ ವಿವರದ ಚೀಟಿ ಬರೆಯುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಊರು, ತಾಲ್ಲೂಕು, ತಾರೀಖು, ಸಮುದ್ರಮಟ್ಟದಿಂದ ಎತ್ತರ ಇರಲೇಬೇಕು. ಹೂವಿನ ಬಣ್ಣ, ವಾಸನೆ, ಹಾಲು ಒಸರುವುದು, ಮರದ ಎತ್ತರ ಇವು ಒಣಟೊಂಗೆಯಲ್ಲಿ ಉಳಿಯುವುದಿಲ್ಲ, ಹಾಗಾಗಿ ಸ್ಥಳದಲ್ಲೇ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ.

ಒಂದೇ ಗಿಡದಿಂದ ಎರಡು ಮೂರು ಟೊಂಗೆ ತೆಗೆದು ಎಲ್ಲಕ್ಕೂ ಒಂದೇ ಸಂಖ್ಯೆ ಕೊಡಿ. ಒಂದು ನಿಮ್ಮಲ್ಲಿರಲಿ, ಉಳಿದವು ತಜ್ಞರಿಗೆ ಹೋಗಲಿ. ಅವರು ಆ ಸಂಖ್ಯೆ ಸೂಚಿಸಿ ಹೆಸರು ಬರೆದರೆ ಸಾಕು, ಮಾದರಿ ಮರಳಿ ಬರಬೇಕಿಲ್ಲ. ಗಟ್ಟಿ ರಟ್ಟುಗಳ ನಡುವೆ ಕಟ್ಟಿ ಕಳಿಸಿ. ಉದುರಿದ ಬೀಜ, ಹೂವುಗಳನ್ನು ಸಣ್ಣ ಕಾಗದದ ಲಕೋಟೆಗೆ ಹಾಕಿ ಜೊತೆಗಿಡಿ. ಅರಣ್ಯದಿಂದ ತೆಗೆಯುವುದಾದರೆ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ.

– ಸಸ್ಯಾಸಕ್ತ ಓದುಗ, ಸಕಲೇಶಪುರ