ಸ್ಪ್ಯಾನಿಷ್ ಕ್ಲಾಸಲ್ಲಿ ಮೊದಲ ದಿನವೇ ಮಾತಾಡಿಸಿ

ಮಾನ್ಯ ಸಂಪಾದಕರೇ,

ಕಾಲೇಜುಗಳಲ್ಲಿ ಸ್ಪ್ಯಾನಿಷ್ ಕಲಿಸುವ ರೀತಿಯ ಬಗ್ಗೆ ಸ್ವಲ್ಪ ಹೇಳಬೇಕು ಅನಿಸಿತು. ನಮ್ಮ ಪಕ್ಕದ ಮನೆಯ ಹುಡುಗಿ ದೂರದ ಊರಿನ ಕಾಲೇಜೊಂದರಲ್ಲಿ ಒಂದು ವರ್ಷ ಸ್ಪ್ಯಾನಿಷ್ ಓದಿ ಬಂದಳು. ಕ್ರಿಯಾಪದಗಳ ಪಟ್ಟಿ ಬಾಯಿಪಾಠ ಇದೆ, ಅಂಕವೂ ಚೆನ್ನಾಗಿ ಬಂದಿದೆ, ಆದರೆ ಒಂದು ಲೋಟ ನೀರು ಕೇಳೋಕೆ ಬಾಯಿ ಬರೋದಿಲ್ಲ. ಮೆಕ್ಸಿಕೋದಿಂದ ಅರ್ಜೆಂಟೀನಾವರೆಗೆ ಸುಮಾರು 20 ದೇಶಗಳ ಜನ ಆಡುವ ಭಾಷೆ ಅದು. ಆಡದೆ ಕಲಿತು ಏನು ಪ್ರಯೋಜನ?

ಕಾರವಾರ, ಕುಮಟಾ, ಶಿರಸಿ ಕಡೆಯ ಕಾಲೇಜುಗಳು ಸ್ಪ್ಯಾನಿಷ್ ಶುರು ಮಾಡುವುದಾದರೆ ಇಂಗ್ಲಿಷ್ ಮೂಲಕ ಸುತ್ತಿ ಬರುವುದು ಬೇಡ. ಕನ್ನಡದಿಂದ ನೇರ ದಾರಿ ಇದೆ. 'ಮೆ ಗುಸ್ತಾ' ಅಂದರೆ 'ನನಗೆ ಇಷ್ಟ', ವಾಕ್ಯದ ಕಟ್ಟೋಣವೂ ಹಾಗೇ. ಇಂಗ್ಲಿಷಿನಲ್ಲಿ ಯೋಚಿಸುವವರು ಇದರಲ್ಲಿ ತುಂಬಾ ತಡವರಿಸುತ್ತಾರೆ, ನಮ್ಮ ಮಕ್ಕಳಿಗೆ ಆ ಕಷ್ಟವೇ ಬರಬೇಕಾಗಿಲ್ಲ. ಮಾತಾಡುತ್ತೇನೆ ಅಂದರೆ ಸಾಕು, 'ನಾನು' ಅಂತ ಸೇರಿಸಬೇಕಾಗಿಲ್ಲ. ಅಲ್ಲಿಯೂ 'ಆಬ್ಲೊ' ಅಂದರೆ ಸಾಕು. ನೀನು, ನೀವು ಅನ್ನೋ ಭೇದವೂ ಅಲ್ಲಿದೆ. ಅವರ ತ, ದ ನಮ್ಮ ತ, ದಗಳಿಗೆ ಹತ್ತಿರ. ಟೊಮೇಟೊವನ್ನು 'ತೊಮಾತೆ' ಅಂತ ಹೇಳೋದು ನಮಗೆ ಸುಲಭ ಅಲ್ವಾ?

ಕನ್ನಡದವರಿಗೆ ಕಷ್ಟ ಕೊಡೋದು ವಸ್ತುಗಳಿಗೂ ಗಂಡು, ಹೆಣ್ಣು ಅಂತ ಲಿಂಗ ಇರೋದು. ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಆದರೆ ಕಾರವಾರದ ತರಗತಿಯಲ್ಲಿ ಕೊಂಕಣಿ ಮನೆಮಾತಿನ ಮಕ್ಕಳು ಇದ್ದೇ ಇರುತ್ತಾರೆ, ಅವರ ಭಾಷೆಯಲ್ಲಿ ವಸ್ತುಗಳಿಗೆ ಲಿಂಗ ಇದೆ, ಅದಕ್ಕೆ ತಕ್ಕಂತೆ ವಿಶೇಷಣವೂ ಬದಲಾಗುತ್ತದೆ. ಯಾವ ವಸ್ತು ಯಾವ ಲಿಂಗ ಅನ್ನೋದನ್ನು ಬೇರೆಯಾಗಿ ಕಲಿಯಬೇಕು ನಿಜ, ಆದರೆ ಈ ರೂಢಿಯೇ ಅವರಿಗೆ ಹೊಸದಲ್ಲ. ಒಬ್ಬ ಕೊಂಕಣಿ, ಒಬ್ಬ ಕನ್ನಡ ಅಂತ ಜೋಡಿ ಮಾಡಿ ಕೂರಿಸಿ, ಅವರೇ ಒಬ್ಬರಿಗೊಬ್ಬರು ಹೇಳಿಕೊಡಲಿ.

ಮೀನು ಮಾರುಕಟ್ಟೆಯನ್ನೇ ತರಗತಿಗೆ ತನ್ನಿ. ಬಂಗಡೆ, ತಾರ್ಲೆ, ಸಿಗಡಿಯ ದರಪಟ್ಟಿ ಎರಡು ಮಾಡಿ, ಒಂದರಲ್ಲಿ ಇರುವ ಬೆಲೆ ಇನ್ನೊಂದರಲ್ಲಿ ಇರಬಾರದು. ಜೋಡಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು, 'ಕ್ವಾಂತೊ ಕ್ವೆಸ್ತಾ', ಅಂದರೆ ಎಷ್ಟಾಗುತ್ತೆ, ಅಂತ ಕೇಳಿಯೇ ಖಾಲಿ ಜಾಗ ತುಂಬಬೇಕು, ಪಕ್ಕದವರ ಹಾಳೆ ನೋಡುವಂತಿಲ್ಲ. ಸುಮ್ನೆ ಸಂಭಾಷಣೆ ಓದಿಸುವುದಕ್ಕಿಂತ ಇದು ಎಷ್ಟೋ ವಾಸಿ, ಯಾಕಂದರೆ ಇಲ್ಲಿ ಕೇಳಲೇಬೇಕಾದ ಪ್ರಶ್ನೆ ಇರುತ್ತದೆ. ಚೌಕಾಸಿ ಶುರುವಾದರೆ ತಡೆಯಬೇಡಿ! ಮಾತಿನ ಮಧ್ಯೆ ತಪ್ಪು ತಿದ್ದಬೇಡಿ. ಬರೆದಿಟ್ಟುಕೊಂಡು ಕೊನೆಯ ಹತ್ತು ನಿಮಿಷ ಬೋರ್ಡಿನ ಮೇಲೆ ಎಲ್ಲರೂ ಸೇರಿ ತಿದ್ದಿದರೆ ಸಾಕು, ಆಗ ಯಾರ ತಪ್ಪು ಅನ್ನೋದೂ ಗೊತ್ತಾಗೋದಿಲ್ಲ.

ಅಂಕ ಇಲ್ಲದಿದ್ದರೆ ಮಾತಿಗೆ ಬೆಲೆ ಇಲ್ಲ. ಸ್ಪ್ಯಾನಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಅಂತರರಾಷ್ಟ್ರೀಯ ಡೆಲೆ ಪರೀಕ್ಷೆಯಲ್ಲಿ ಆರಂಭದ ಎ1 ಹಂತದಿಂದಲೇ ಓದು, ಬರಹ, ಆಲಿಸುವುದರ ಜೊತೆ ಮಾತನ್ನೂ ಪರೀಕ್ಷಿಸುತ್ತಾರೆ. ನಮ್ಮ ಕಾಲೇಜುಗಳ ಆಂತರಿಕ ಅಂಕದಲ್ಲಿ ಅರ್ಧವನ್ನಾದರೂ ಮಾತಿಗೆ ಇಡಿ ಅಂತ ಪ್ರಾಂಶುಪಾಲರಲ್ಲಿ ನನ್ನ ವಿನಂತಿ.

— ಒಬ್ಬ ಭಾಷಾ ಅಧ್ಯಾಪಕಿ, ಕಾರವಾರ