ಬ್ಲಾಕಿನ ಮೇಲೆ ಎರಕದ ತಾರೀಖು ಬರೆಯಲಿ

ಮಾನ್ಯರೇ,

ಮಾರ್ಚ್ ಬಂತೆಂದರೆ ರಾಯಚೂರು, ಮಾನ್ವಿ, ಸಿಂಧನೂರು ಕಡೆ ಮನೆ ಕಟ್ಟುವವರಿಗೆ ಒಂದೇ ಅವಸರ: ಮಳೆಗಾಲದೊಳಗೆ ಸ್ಲ್ಯಾಬ್ ಬೀಳಬೇಕು. ಈ ಅವಸರದಲ್ಲಿ ಮೊನ್ನೆ ಎರಕ ಹೊಯ್ದ ಸಿಮೆಂಟ್ ಬ್ಲಾಕ್ ಇವತ್ತೇ ಟ್ರ್ಯಾಕ್ಟರ್ ಏರುತ್ತದೆ. ವರ್ಷದೊಳಗೆ ಗೋಡೆ ಬಿರುಕು ಬಿಟ್ಟರೆ ಬೈಸಿಕೊಳ್ಳುವವನು ಗೌಂಡಿ, ಅವನು ಸಿಗದಿದ್ದರೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಉಸುಕು). ಬಹುಪಾಲು ತಪ್ಪು ಇರುವುದು ನೀರಿನ ಲೆಕ್ಕದಲ್ಲಿ.

ಸಿಮೆಂಟ್ ಬ್ಲಾಕಿಗಿರುವ ಭಾರತೀಯ ಮಾನಕ ಐಎಸ್ 2185ರ ಪ್ರಕಾರ ಬ್ಲಾಕಿಗೆ ಕನಿಷ್ಠ 14 ದಿನ ನೀರುಣಿಸಬೇಕು, ಆಮೇಲೆ 4 ವಾರ ಒಣಗಲು ಬಿಡಬೇಕು. ಈ ಎರಡನೆಯ ಭಾಗವನ್ನೇ ಎಲ್ಲರೂ ನುಂಗಿಬಿಡುತ್ತಾರೆ. ಒಣಗುವಾಗ ಬ್ಲಾಕ್ ಕುಗ್ಗುತ್ತದೆ. ಅಂಗಳದಲ್ಲಿ ಕುಗ್ಗಿದರೆ ಯಾರಿಗೂ ನಷ್ಟವಿಲ್ಲ. ಗೋಡೆಯೊಳಗೆ ಕುಗ್ಗಲು ಹೊರಟರೆ ಮಾಲು (ಸಿಮೆಂಟ್-ಉಸುಕಿನ ಗಾರೆ), ಪಿಲ್ಲರ್, ಬೀಮ್ ಎಲ್ಲವೂ ಅದನ್ನು ಹಿಡಿದುಕೊಳ್ಳುತ್ತವೆ. ಆಗ ಕಿಟಕಿಯ ಮೂಲೆ, ಉದ್ದ ಗೋಡೆಯ ನಡುಭಾಗ, ಪಿಲ್ಲರಿಗೆ ಗೋಡೆ ಸೇರುವ ಜಾಗ ಬಾಯಿ ಬಿಡುತ್ತವೆ. ಇಟ್ಟಿಗೆಯ ರೂಢಿಯಲ್ಲಿ ಬ್ಲಾಕನ್ನೂ ತೊಟ್ಟಿಗೆ ಹಾಕಿ ನೆನೆಸುವವರಿದ್ದಾರೆ. ಅದು ಒಣಗಿಸಿದ್ದನ್ನು ಮತ್ತೆ ಹಿಗ್ಗಿಸಿದಂತೆ. ನಮ್ಮ ಬಿಸಿಲಿಗೆ ಮಾಲು ಕೂರುವ ಮೇಲ್ಮೈ ಮೇಲೆ ನೀರು ಚಿಮುಕಿಸಿದರೆ ಸಾಕು.

'ಸಿಮೆಂಟ್ ಜಾಸ್ತಿ ಹಾಕಪ್ಪ' ಎನ್ನುವ ಮಾಲೀಕರೂ ಸ್ವಲ್ಪ ಕೇಳಬೇಕು. ಬ್ಲಾಕಿಗಿಂತ ಮಾಲು ಗಟ್ಟಿಯಾದರೆ ಬಿರುಕು ಬ್ಲಾಕನ್ನೇ ಸೀಳಿಕೊಂಡು ಹೋಗುತ್ತದೆ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕಿನ 1:6 ಮಾಲಿನಲ್ಲಿ ಅದು ಸಂದಿಗಳಲ್ಲೇ ಸಣ್ಣಗೆ ಹಂಚಿಹೋಗುತ್ತದೆ. ಒಂದು ಚೀಲ ಸಿಮೆಂಟ್ ಎಂದರೆ 35 ಲೀಟರ್. ಅದೇ ಅಳತೆಯ ಡಬ್ಬಿಯಲ್ಲಿ ಆರು ಡಬ್ಬಿ ಉಸುಕು ಹಾಕಬೇಕು, ಸಲಿಕೆ ಲೆಕ್ಕ ಬೇಡ. ನೀರು ಬೆರೆಸಿದ ಮಾಲು ಎರಡು ಗಂಟೆಯೊಳಗೆ ಮುಗಿಯಬೇಕು. ಊಟ ಮುಗಿಸಿ ಬಂದು ಬಿಗಿದ ಮಾಲಿಗೆ ಮತ್ತೆ ನೀರು ಸುರಿದು ಕಲಸುವುದೇ ಎಲ್ಲ ಕಡೆ ನಡೆಯುವ ಕೆಲಸ. ಉದ್ದನೆಯ ಕಾಂಪೌಂಡಿಗೆ ಸುಮಾರು 6 ಮೀಟರಿಗೊಂದು ಸಂದು ಬಿಡಬೇಕು. ಬೀಮಿನ ಕೆಳಗಿನ ಕೊನೆಯ ಸಂದನ್ನು ಒಂದೆರಡು ವಾರ ತಡೆದು ತುಂಬಬೇಕು. ಪಿಲ್ಲರ್ ಸೇರುವಲ್ಲಿ ಪ್ಲಾಸ್ಟರಿಗೆ ಮೊದಲು ತಂತಿ ಜಾಲರಿ ಹೊಡೆಯಬೇಕು.

ಸುಟ್ಟ ಇಟ್ಟಿಗೆಯದು ಇದಕ್ಕೆ ತದ್ವಿರುದ್ಧ. ಒಣ ಇಟ್ಟಿಗೆ ಮಾಲಿನ ನೀರನ್ನು ಹೀರಿಬಿಡುತ್ತದೆ, ಸಿಮೆಂಟ್ ಬಲಿಯುವ ಮೊದಲೇ ಪುಡಿಯಾಗುತ್ತದೆ. ಆರು ಗಂಟೆಯಾದರೂ ನೆನೆಸಿ, ಮೇಲಿನ ನೀರು ಆರಿದ ಮೇಲೆ ಕಟ್ಟಬೇಕು. ಇಟ್ಟಿಗೆ ಪರೀಕ್ಷೆಗೆ ಲ್ಯಾಬ್ ಬೇಕಿಲ್ಲ: 3 ಕಿಲೋ ತೂಗುವ ಒಣ ಇಟ್ಟಿಗೆ 24 ಗಂಟೆ ನೀರಲ್ಲಿದ್ದು 3.6 ಕಿಲೋ ದಾಟಿದರೆ ಆ ಲೋಡ್ ವಾಪಸ್ ಕಳಿಸಿ. ಕಟ್ಟಿದ ಗೋಡೆಗೆ ಏಳು ದಿನ ನೀರು ಬೇಕು, ಗೋಣಿತಾಟು ಹೊದಿಸಿದರೆ ನೀರು ಉಳಿಯುತ್ತದೆ.

ಕೊಪ್ಪಳ, ಕುಷ್ಟಗಿ ಕಡೆಯ ಗ್ರಾನೈಟ್ ಕಲ್ಲು ನೀರು ಕುಡಿಯುವುದೇ ಇಲ್ಲವೆನ್ನಬೇಕು. ಹಾಗಾಗಿ ಮಾಲು ತೆಳುವಾದರೆ ಕಲ್ಲು ಜಾರುತ್ತದೆ. ಧೂಳು ತೊಳೆದು, ಗಟ್ಟಿ ಮಾಲಿನಲ್ಲಿ ಕೂರಿಸಬೇಕು. ಇಲ್ಲಿ ಆಗುವ ದೊಡ್ಡ ಮೋಸವೇ ಬೇರೆ. ಒಳಗೊಂದು ಹೊರಗೊಂದು ಮುಖಗಲ್ಲು ನಿಲ್ಲಿಸಿ ನಡುವೆ ಚಕ್ಕೆ ಸುರಿಯುತ್ತಾರೆ. ಹೊರಗೆ ಗೋಡೆ ಅಂದವಾಗಿಯೇ ಕಾಣುತ್ತದೆ, ನಾಲ್ಕು ಮಳೆಗಾಲಕ್ಕೆ ಹೊಟ್ಟೆ ಬಿಡುತ್ತದೆ. ಪ್ರತಿ ಅರ್ಧ ಚದರ ಮೀಟರಿಗೆ ಗೋಡೆಯ ಪೂರ್ತಿ ದಪ್ಪಕ್ಕೂ ಹಾಯುವ ಒಂದು ಅಡ್ಡಗಲ್ಲು ಇರಲೇಬೇಕು. 1294ರ ಶಾಸನವಿರುವ ರಾಯಚೂರು ಕೋಟೆಯ ಒಳಗೋಡೆಯನ್ನು ಒಮ್ಮೆ ನಿಂತು ನೋಡಿ, ಕಲ್ಲುಗಳ ನಡುವೆ ಗಾರೆಯೇ ಇಲ್ಲ, ಗೋಡೆ ನಿಂತಿರುವುದು ಕಲ್ಲಿನ ಜೋಡಣೆಯಿಂದಲೇ.

ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಮುಚ್ಚಿಕೊಳ್ಳುವ ಓರೆ ಬಿರುಕು ಮಾತ್ರ ಗೋಡೆಯ ದೋಷವಲ್ಲ. ಅದು ಎರೆಭೂಮಿಯ ಪಾಯದ ದೋಷ, ಅದಕ್ಕೆ ಪ್ಲಾಸ್ಟರ್ ಮದ್ದಲ್ಲ.

ನಮ್ಮ ಕೋರಿಕೆ ಇಷ್ಟೇ. ಬ್ಲಾಕ್ ತಯಾರಕರು ಪ್ರತಿ ರಾಶಿಯ ಮೇಲೆ ಎರಕದ ತಾರೀಖನ್ನು ಬಣ್ಣದಲ್ಲಿ ಬರೆಯಲಿ. ವಸತಿ ಯೋಜನೆಯ ಮನೆಗಳಿಗೆ ಕಂತು ಬಿಡಲು ಪಾಯದ ಹಂತದ ಫೋಟೊ ತೆಗೆಯಲು ಬರುವವರು ಪಕ್ಕದಲ್ಲಿ ಪೇರಿಸಿದ ಬ್ಲಾಕಿನ ತಾರೀಖನ್ನೂ ಬರೆದುಕೊಳ್ಳಲಿ. ಅಲ್ಲಿಯವರೆಗೆ ಕೊಳ್ಳುವವರು ಒಂದು ಬ್ಲಾಕ್ ಒಡೆದು ನೋಡಿ: ಒಳಗೆ ಕಪ್ಪಗೆ ತೇವ ಕಂಡರೆ ಅದು ಇನ್ನೂ ಹಸಿ. ಜಾಗ ಇದ್ದವರು ಪಾಯ ತೋಡುವ ಮೊದಲೇ ಬ್ಲಾಕ್ ತರಿಸಿ, ಗಾಳಿ ಆಡುವಂತೆ ಪೇರಿಸಿಟ್ಟುಕೊಳ್ಳುವುದು ಒಳ್ಳೆಯದು.

– ಕಟ್ಟಡ ಕೆಲಸ ಬಲ್ಲ ಓದುಗರು, ಸಿಂಧನೂರು